ಆರು ಕುಕ್ಕರ್‌ಗಳ ಪಂದ್ಯ

ಹುಲ್ಲಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ ಸಿದ್ದಮಲ್ಲಪ್ಪನಿಗೆ ಆ ಸಂಜೆ ಮನೆಯಲ್ಲಿ ಕಾಫಿ ಸಿಗಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೀಗಾಗಿದ್ದು ಇದಕ್ಕೆ ಮುಂಚೆ ಎರಡೇ ಸಲ. ಒಂದು, ಮಗಳು ಲಿಖಿತಾ ಹುಟ್ಟಿದ ದಿನ. ಇನ್ನೊಂದು, ಮನೆಯ ಹಾಲು ಒಡೆದ ದಿನ. (ಡೈರಿ ಕಾರ್ಯದರ್ಶಿಯ ಮನೆಯಲ್ಲೇ ಹಾಲು ಒಡೆಯಿತು ಎಂಬ ಸುದ್ದಿ ಬಿಳಿಗೆರೆಯವರೆಗೂ ಹೋಗಿ, ಅಲ್ಲಿಂದ ಇನ್ನಷ್ಟು ಹುಳಿಯಾಗಿ ವಾಪಸು ಬಂದಿತ್ತು.)

ಅವನದೊಂದು ಪದ್ಧತಿಯಿತ್ತು. ಸಂಜೆಯ ಹಾಲು ಅಳೆಸಿಕೊಂಡು ಮನೆಗೆ ಬಂದು, ಜಗುಲಿಯಲ್ಲಿ ಚಪ್ಪಲಿ ಬಿಟ್ಟು ಒಂದು ಸಲ ಕೆಮ್ಮಬೇಕು. ಹಾಗೆಂದರೆ ಯಜಮಾನರು ದಯಮಾಡಿಸಿದ್ದಾರೆ, ಕಾಫಿ ಬರಲಿ ಎಂದರ್ಥ. ಎರಡನೇ ಕೆಮ್ಮಿಗೆ, ಕಾಫಿ ಇನ್ನೂ ಬಂದಿಲ್ಲವಲ್ಲ ಎಂದರ್ಥ. ಮೂರನೇ ಕೆಮ್ಮಿಗೆ ಅರ್ಥವೇ ಇರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಯಾವತ್ತೂ ಹೋಗಬೇಕಾಗಿ ಬಂದಿರಲಿಲ್ಲ. ಆವತ್ತು ಐದನೆಯದಕ್ಕೆ ಹೋದ. ಐದನೆಯದು ನಿಜವಾದ ಕೆಮ್ಮೇ ಆಗಿ ಕಣ್ಣಲ್ಲಿ ನೀರು ಬಂತು. ಆಗಲೂ ಯಾರೂ ಬರದಿದ್ದಾಗ ಗಂಟಲು ಹಿಡಿದುಕೊಂಡೇ ಒಳಗೆ ಹೋದ.

ನಡುಮನೆಯಲ್ಲಿ ನಾಲ್ಕು ಹೆಂಗಸರು ಟೀವಿಯ ಮುಂದೆ ಉಸಿರು ಬಿಗಿಹಿಡಿದಿದ್ದರು. ತಾಯಿ ಸಿದ್ದಲಿಂಗಮ್ಮ ಮಂಚದ ಮೇಲೆ, ಹೆಂಡತಿ ಕೋಮಲ ನೆಲದ ಮೇಲೆ, ಮಗಳು ಕುರ್ಚಿಯ ಕೈಮೇಲೆ. ಪಕ್ಕದ ಮನೆಯ ದೇವಯ್ಯನ ಹೆಂಡತಿ ಮಹದೇವಮ್ಮ ಹೆಪ್ಪಿಗೆಂದು ಒಂದು ಚಮಚ ಮೊಸರು ಕೇಳಲು ಬಂದವಳು, ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಟೀವಿಯಲ್ಲಿ ಬೆಳ್ಳಗಿನ ಉದ್ದನೆಯ ಅಂಗಳ. ಹಿಡಿ ಇರುವ ದುಂಡನೆಯ ಕಲ್ಲೊಂದು ಅದರ ಮೇಲೆ ಮೆಲ್ಲಗೆ ಜಾರಿ ಬರುತ್ತಿತ್ತು. ಅದರ ಮುಂದೆ ಕೆಂಪು ಅಂಗಿಯ ಇಬ್ಬರು ಹುಡುಗಿಯರು ಮೈಮೇಲೆ ಬಂದವರ ಹಾಗೆ ಗುಡಿಸುತ್ತಿದ್ದರು.

"ಇದ್ಯಾರ ಮನೆ ಗುಡಿಸ್ತಾವ್ರೆ?" ಎಂದ ಸಿದ್ದಮಲ್ಲಪ್ಪ.

"ಉಶ್! ಕಲ್ಲು ನಿಲ್ಲಗಂಟ ಬಾಯ್ಮುಚ್ಕಂಡಿರ್ಲಾ," ಎಂದರು ಅವನ ತಾಯಿ.

ಆಗಿದ್ದು ಇಷ್ಟು. ಸಿದ್ದಲಿಂಗಮ್ಮ ತಮ್ಮ ಧಾರಾವಾಹಿ ಹುಡುಕುತ್ತಾ ರಿಮೋಟಿನ ಯಾವುದೋ ಗುಂಡಿ ಒತ್ತಿದ್ದರು. ಚಳಿದೇಶದಲ್ಲೆಲ್ಲೋ ನಡೆಯುತ್ತಿದ್ದ ಹಿಮದ ಆಟಗಳ ಪಂದ್ಯಾವಳಿ ಬಂತು. ಆ ಹೊತ್ತಿಗೆ ಯಾರೋ ಕಲ್ಲು ಬಿಟ್ಟರು. ಇದು ಎಲ್ಲಿ ನಿಲ್ಲುತ್ತದೋ ನೋಡಿಕೊಂಡು ಚಾನೆಲ್ ಬದಲಾಯಿಸೋಣ ಎಂದುಕೊಂಡರು. ಅದು ನಿಲ್ಲುವಷ್ಟರಲ್ಲಿ ಇನ್ನೊಂದು ಬಿಟ್ಟರು. ಅಲ್ಲಿಗೆ ಧಾರಾವಾಹಿಯ ಅತ್ತೆ ಸೊಸೆಯರ ಕತೆ ಮುಗಿಯಿತು.

ನಂಜನಗೂಡಿನಲ್ಲಿ ಬಿ.ಕಾಂ. ಓದುತ್ತಿದ್ದ ಲಿಖಿತಾ ಮೊಬೈಲಿನಲ್ಲಿ ನೋಡಿ ಆಟದ ಮರ್ಮ ಬಿಡಿಸಿ ಹೇಳಿದ್ದಳು. ಇದಕ್ಕೆ ಕರ್ಲಿಂಗ್ ಅಂತ ಹೆಸರು. ಈ ತುದಿಯಿಂದ ಕಲ್ಲು ಜಾರಿಸಬೇಕು, ಆ ತುದಿಯಲ್ಲಿ ಬರೆದಿರುವ ವೃತ್ತದ ನಡುಬೊಟ್ಟಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಪಾಯಿಂಟು. ಮುಂದೆ ಗುಡಿಸಿದರೆ ಮಂಜು ನಯವಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೆಟ್ಟಗೆ ಹೋಗುತ್ತದೆ.

ಸಿದ್ದಲಿಂಗಮ್ಮನಿಗೆ ಮಾತ್ರ ಬೇರೆಯೇ ಕಾರಣಕ್ಕೆ ಆಟ ಹಿಡಿಸಿತ್ತು. ಕೆಂಪು ಅಂಗಿಯವರ ನಾಯಕಿ, ಜಡೆ ಹಾಕಿದ್ದ ಗಟ್ಟಿಗಿತ್ತಿ, ಕಲ್ಲು ಬಿಟ್ಟೊಡನೆ ಗುಡಿಸುವವರಿಗೆ ಇಂಗ್ಲಿಷಿನಲ್ಲಿ 'ಹರಿ ಹಾರ್ಡ್' ಎಂದು ಊರು ಕೇಳುವ ಹಾಗೆ ಕೂಗುತ್ತಿದ್ದಳು.

"ನೋಡ್ಲಾ ಸಿದ್ದ, ಆ ಎಣ್ಮಗ ಹರಿಹರ ಹರಿಹರ ಅಂತ ಕೂಗ್ತಾಳೆ. ಮಂಜು ಬೀಳೋ ದೇಸ್ದಾಗುಟ್ಟಿ ಹರೀನೂ ಬುಡ್ನಿಲ್ಲ, ಹರನ್ನೂ ಬುಡ್ನಿಲ್ಲ." (ಬೇರೆಲ್ಲ ಮಾತಿನಲ್ಲೂ ಹಕಾರ ನುಂಗುತ್ತಿದ್ದ ಸಿದ್ದಲಿಂಗಮ್ಮ ದೇವರ ಹೆಸರಾದ್ದರಿಂದ ಇಲ್ಲಿ ಮಾತ್ರ ಕಷ್ಟಪಟ್ಟು ಉಳಿಸಿಕೊಂಡಿದ್ದರು.)

"ಅಜ್ಜೀ, ಅದು ದೇವ್ರಲ್ಲ. ಬೇಗ ಬೇಗ ಜೋರಾಗಿ ಗುಡಿಸಿ ಅಂತ ಹೇಳ್ತಿರೋದು," ಎಂದಳು ಲಿಖಿತಾ.

"ನಿಂಗೇನ್ ಗೊತ್ತು, ಸುಮ್ಕಿರು. ನಂಜುಂಡಪ್ಪನ ಸನ್ನಿಧೀಲಿ ಓದ್ತೀಯ, ಇಷ್ಟೂ ತಿಳೀದಾ?"

ಅಂದಿನಿಂದ ಮನೆಯ ಮೇಲೆ ಕಲ್ಲಿನ ಆಳ್ವಿಕೆ ಶುರುವಾಯಿತು. ಸಂಜೆ ಆರೂವರೆಗೆ ಆಟ ಎಂದರೆ ಆರಕ್ಕೇ ಮುದ್ದೆ ತಿರುವಿ ಮುಗಿದಿರುತ್ತಿತ್ತು. ಕೆಂಪು ಅಂಗಿಯವರು ಗೆದ್ದ ದಿನ ಸಾರಿಗೆ ತುಪ್ಪದ ಒಗ್ಗರಣೆ. ಸೋತ ದಿನ ಬರೀ ಉಪ್ಪಿನಕಾಯಿ. ಕೋಮಲ ನಾಲ್ಕೇ ದಿನದಲ್ಲಿ ವಿಮರ್ಶಕಿಯಾಗಿಬಿಟ್ಟಳು.

"ಆ ನೀಲಿ ಅಂಗಿ ಹುಡ್ಗಿ ಮಣಿಕಟ್ಟಲ್ಲಿ ಗುಡಿಸ್ತಾಳೆ ಮಾದೇವಮ್ಮ. ಸೊಂಟದಿಂದ ಬಗ್ಗಿ ತೋಳಲ್ಲಿ ಎಳೀಬೇಕು. ಇಲ್ದಿದ್ರೆ ಎಲ್ಲಾಯ್ತದೆ?"

"ಅವ್ಳಿಗ್ ಯಾರೂ ಹೇಳ್ಕೊಟ್ಟಿಲ್ಲ ಕೋಮಲಕ್ಕ. ಅತ್ತೆ ಇದ್ದಿದ್ರೆ ಕಲ್ತಿರೋಳು," ಎಂದಳು ಮಹದೇವಮ್ಮ. ಮೊಸರು ಕೇಳಲು ಬಂದವಳು ಈಗ ತಟ್ಟೆಯ ಸಮೇತ ಬರುತ್ತಿದ್ದಳು.

ಸಿದ್ದಮಲ್ಲಪ್ಪನಿಗೆ ಇದೆಲ್ಲ ಬಹಳ ಅವಮಾನದ ಸಂಗತಿಯಾಗಿತ್ತು. ಹೈಸ್ಕೂಲಿನಲ್ಲಿ ಕಬಡ್ಡಿ ತಂಡದ ನಾಯಕನಾಗಿ ತಿ.ನರಸೀಪುರದವರನ್ನು ಅವರ ಊರಿನಲ್ಲೇ ಸೋಲಿಸಿ ಬಂದವನು ಅವನು. ಆ ವಿಜಯಯಾತ್ರೆಯ ವೃತ್ತಾಂತವನ್ನು ಡೈರಿಗೆ ಹಾಲು ತರುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೇಳಿಸಿಕೊಂಡಿದ್ದರು. (ಕೇಳಿಸಿಕೊಳ್ಳದೆ ಕ್ಯಾನು ವಾಪಸು ಸಿಗುತ್ತಿರಲಿಲ್ಲ.) ಆಟದ ವಿಷಯದಲ್ಲಿ ಮನೆಯಲ್ಲಿ ಅಂತಿಮ ತೀರ್ಪು ತನ್ನದೇ ಎಂದು ನಂಬಿಕೊಂಡಿದ್ದವನಿಗೆ, ಈಗ ಆಟ ನೋಡಲು ಮಂಚದ ಒಂದು ಮೂಲೆಯೂ ಸಿಗುತ್ತಿರಲಿಲ್ಲ.

ಜಗಳ ಬಂದದ್ದು ಶನಿವಾರ. ಭಾನುವಾರ ಮಧ್ಯಾಹ್ನ ಮೂರೂವರೆಗೆ ಕರ್ಲಿಂಗ್ ಫೈನಲ್, ಕೆಂಪು ಅಂಗಿ ಮತ್ತು ನೀಲಿ ಅಂಗಿ. ಅದೇ ಹೊತ್ತಿಗೆ ನಮ್ಮ ದೇಶದ ಕ್ರಿಕೆಟ್ ಮ್ಯಾಚು. ಬೀದಿಯ ಗಂಡಸರೆಲ್ಲ ಕ್ರಿಕೆಟ್ ನೋಡುವುದು ಸಿದ್ದಮಲ್ಲಪ್ಪನ ಮನೆಯಲ್ಲೇ, ಯಾಕೆಂದರೆ ಅವನ ಟೀವಿ ಎಲ್ಲರದಕ್ಕಿಂತ ದೊಡ್ಡದು. ದೇವಯ್ಯ ಕುರ್ಚಿಗಳ ಲೆಕ್ಕ ಕೇಳಲು ಬಂದಿದ್ದ.

"ಕುರ್ಚಿ ಬ್ಯಾಡಿ ದೇವಯ್ಯಣ್ಣ. ನಾಳೆ ನಮ್ದು ಫೈನಲ್ಲೈತೆ," ಎಂದಳು ಕೋಮಲ.

"ನಿಮ್ದಾ?" ಎಂದ ದೇವಯ್ಯ.

"ನಮ್ದೇ," ಎಂದಳು ಅವನ ಹೆಂಡತಿಯೇ, ಒಳಗಿನಿಂದ.

ಸಿದ್ದಮಲ್ಲಪ್ಪ ಎದ್ದು ನಿಂತ. ಡೈರಿಯ ಸರ್ವಸದಸ್ಯರ ಸಭೆಯಲ್ಲಿ ಮಾತಾಡುವಾಗ ಮಾಡುವಂತೆ ಹೆಗಲ ಟವೆಲ್ಲು ಸರಿಮಾಡಿಕೊಂಡ. "ನೋಡು ಕೋಮಲ, ಇಷ್ಟು ದಿನ ಸುಮ್ಮನಿದ್ದೆ. ಆಟ ಅಂದ್ರೆ ಓಡ್ಬೇಕು, ಬೀಳ್ಬೇಕು, ಮೈ ಬೆವರ್ಬೇಕು. ಪರಕೆ ಹಿಡ್ಕಂಡು ಗುಡಿಸೋದೂ ಒಂದ್ ಆಟವೇನೇ? ಅದು ಯಾರಿಗ್ ಬರಾಕಿಲ್ಲ? ಆ ಲೆಕ್ಕದಲ್ಲಿ ನಿಂಗೂ ಒಂದ್ ಚಿನ್ನದ ಪದಕ ಕೊಡ್ಬೇಕು!"

ಹೇಳಿ ನಕ್ಕ. ದೇವಯ್ಯನೂ ನಗಲು ಬಾಯಿ ತೆರೆದ. ಆದರೆ ಮಹದೇವಮ್ಮ ಬಾಗಿಲಿಗೆ ಬಂದು ನಿಂತದ್ದು ಕಂಡು ಅದನ್ನು ಆಕಳಿಕೆ ಮಾಡಿಕೊಂಡ.

ಕೋಮಲ ಕೂಗಾಡಲಿಲ್ಲ. ಕೂಗಾಡಿದ್ದರೆ ಸಿದ್ದಮಲ್ಲಪ್ಪನಿಗೆ ಅಭ್ಯಾಸವಿತ್ತು. ಅವಳು ಸೋಸುತ್ತಿದ್ದ ಸೊಪ್ಪಿನ ಮೊರವನ್ನು ಮೆತ್ತಗೆ ಪಕ್ಕಕ್ಕಿಟ್ಟು, "ಯಾರಿಗ್ ಬರಾಕಿಲ್ಲ ಅಂದ್ರಲ್ಲ. ನೀವಿಬ್ರೂ ಬನ್ನಿ, ನಾವಿಬ್ರೂ ಬತ್ತೀವಿ. ನಾಳೆ ಬೆಳಿಗ್ಗೆ ಕಣದಲ್ಲಿ ಆಡಾನ. ಗೆದ್ದೋರ್ಗೆ ಟೀವಿ," ಎಂದಳು.

ಅವಳು ಸೋಮನಾಥಪುರದ ಕಡೆಯ ಹೆಣ್ಣು, ಮನೆಗೆಂದು ಕೂಗಾಡಿದರೂ ತನಗೆಂದು ಬಾಯಿಬಿಡುವವಳಲ್ಲ. ಮದುವೆಯಾಗಿ ಬಂದಾಗಿನಿಂದ ತನಗೆ ಇಂಥದ್ದು ಬೇಕು ಎಂದು ಗಟ್ಟಿಯಾಗಿ ಕೇಳಿದ್ದನ್ನು ಸಿದ್ದಮಲ್ಲಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಒಂದೂ ನೆನಪಾಗಲಿಲ್ಲ. ಇದು ಅವನನ್ನು ಸ್ವಲ್ಪ ಗಾಬರಿಗೊಳಿಸಿತು. ಆದರೆ ದೇವಯ್ಯನ ಮುಂದೆ ಗಾಬರಿ ತೋರಿಸುವ ಹಾಗಿರಲಿಲ್ಲ.

"ಆಗ್ಲಿ! ಸೋತ್ರೆ ಅಳ್ಬಾರ್ದು ಅಷ್ಟೇ," ಎಂದುಬಿಟ್ಟ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ದೇವಯ್ಯನ ಮನೆಯ ಪಕ್ಕದ ಸಿಮೆಂಟು ಕಣದಲ್ಲಿ ಬೀದಿಯೇ ನೆರೆದಿತ್ತು. ಭತ್ತದ ಒಕ್ಕಣೆ ಮುಗಿದು ಕಣ ಖಾಲಿಯಿತ್ತು. ಲಿಖಿತಾ ಒಂದು ತುದಿಯಲ್ಲಿ ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದು ಮಿಕ್ಕಿದ್ದ ಕೆಂಪು ಪೇಂಟಿನಿಂದ ವೃತ್ತ ಬರೆದಿದ್ದಳು. ಮಂಜಿನ ಬದಲು ಬಟ್ಟೆಸೋಪಿನ ಪುಡಿ ಕದಡಿದ ನೀರನ್ನು ಕಣದುದ್ದಕ್ಕೂ ಎರಚಿದ್ದರು. ಕಲ್ಲಿಗೆ ಏನು ಮಾಡುವುದು ಎಂಬ ಚರ್ಚೆ ಹಿಂದಿನ ಸಂಜೆಯೇ ಮುಗಿದಿತ್ತು. ಹಿಡಿ ಇರಬೇಕು, ದುಂಡಗಿರಬೇಕು, ತೂಕವಿರಬೇಕು. ಬೀದಿಯ ಮನೆಗಳಿಂದ ಆರು ಕುಕ್ಕರ್ ಬಂದವು. ಒಳಗೆ ಮರಳು ತುಂಬಿ ಮುಚ್ಚಳ ಬಿಗಿದರು. ಕಡೆಗೊಮ್ಮೆ ಸಿದ್ದಲಿಂಗಮ್ಮನನ್ನು ಕುರ್ಚಿಯ ಸಮೇತ ಎತ್ತಿ ತಂದು ಕಣದ ಪಕ್ಕ ಕೂರಿಸಿದರು. ಅವರೇ ಅಂಪೈರು. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

"ಮೊದ್ಲು ನೀವೇ ಆರಿಸ್ಕೊಳಿ," ಎಂದಳು ಕೋಮಲ.

ಸಿದ್ದಮಲ್ಲಪ್ಪ ಥಳಥಳ ಹೊಳೆಯುವ ಮೂರು ಹೊಸ ಕುಕ್ಕರ್ ಆರಿಸಿದ. ಹೊಸ ಮೆತ್ತನೆಯ ಹುಲ್ಲಿನ ಪೊರಕೆಯನ್ನೂ ಎತ್ತಿಕೊಂಡ. ಹೆಂಗಸರ ಪಾಲಿಗೆ ಸೊಟ್ಟಗಾದ ಮೂರು ಹಳೆಯ ಕುಕ್ಕರ್ ಮತ್ತು ಎರಡು ಕಡ್ಡಿ ಪೊರಕೆ ಉಳಿದವು. ದೇವಯ್ಯ ಅವನ ಕಿವಿಯಲ್ಲಿ, "ಅಣ್ಣ, ಅರ್ಧ ಗೆದ್ದಂಗೇ," ಎಂದ.

ಆಟ ಶುರುವಾದ ಮೇಲೆ ಗೊತ್ತಾಯಿತು. ಹೊಸ ಕುಕ್ಕರುಗಳ ತಳದಲ್ಲಿ ಉಂಗುರ ಉಂಗುರವಾಗಿ ಗೀರುಗಳಿದ್ದವು. ಸಿದ್ದಮಲ್ಲಪ್ಪ ಬಿಟ್ಟ ಮೊದಲನೆಯದು ನಾಲ್ಕು ಮಾರು ಹೋಗಿ, ಸಿಮೆಂಟಿಗೆ ಕಚ್ಚಿಕೊಂಡು, ಏನೋ ಮರೆತವರ ಹಾಗೆ ನಿಂತುಬಿಟ್ಟಿತು. ದೇವಯ್ಯ ಅದರ ಮುಂದೆ ಗುಡಿಸಿದ. ಹುಲ್ಲಿನ ಪೊರಕೆ ಸೋಪಿನ ನೀರು ಕುಡಿದು ಒದ್ದೆ ಬೆಕ್ಕಿನ ಹಾಗಾಯಿತು.

ಕೋಮಲ ತನ್ನ ಕುಕ್ಕರನ್ನು ಬೋರಲು ಹಾಕಿ ತಳದ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಇಪ್ಪತ್ತು ವರ್ಷ ಬೂದಿ ಹಾಕಿ ಉಜ್ಜಿ ಉಜ್ಜಿ ಅದು ಕನ್ನಡಿಯಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಹಿಡಿಯನ್ನು ಮೆಲ್ಲಗೆ ತಳ್ಳಿ ಬಿಟ್ಟಳು. ಮಹದೇವಮ್ಮ ಕಡ್ಡಿ ಪೊರಕೆ ಹಿಡಿದು ಮುಂದೆ ಓಡಿದಳು. ಚರ್, ಚರ್, ಚರ್! ನೊರೆ ಎರಡು ಕಡೆಗೆ ಚಿಮ್ಮಿತು. ಕುಕ್ಕರು ವೃತ್ತದೊಳಗೆ ಹೋಗಿ ಗೌರವದಿಂದ ಕೂತಿತು.

"ಹರಿಹರ!" ಎಂದು ಕೂಗಿದರು ಸಿದ್ದಲಿಂಗಮ್ಮ.

"ಅವ್ವಾ, ನೀನು ಅಂಪೈರು! ಕೂಗಂಗಿಲ್ಲ!"

"ನಾನು ದೇವ್ರನ್ನ ನೆನೀತಾವ್ನಿ ಕಣ್ಲಾ. ಅದ್ಕೂ ನಿನ್ ಅಪ್ಪಣೆ ಬೇಕಾ?"

ಎರಡನೇ ಸುತ್ತಿನಲ್ಲಿ ಗಂಡಸರನ್ನು ಅದೃಷ್ಟ ಕೈಹಿಡಿಯಿತು. ದೇವಯ್ಯ ಸಿಟ್ಟಿನಲ್ಲಿ ಎರಡೂ ಕೈಯಿಂದ ನೂಕಿದ ಕುಕ್ಕರು ಗರಗರ ತಿರುಗುತ್ತಾ ಹೋಗಿ, ಹೆಂಗಸರದನ್ನು ಹೊರಗೆ ದಬ್ಬಿ, ತಾನು ನಡುಬೊಟ್ಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಗಂಡಸರು ಶಿಳ್ಳೆ ಹೊಡೆದರು. ಮಹದೇವಮ್ಮ ಬಿಟ್ಟ ಎರಡನೆಯದು ಕೊಂಚ ಹಿಂದೆಯೇ ಉಳಿಯಿತು. ಎರಡೂ ಕಡೆಗೆ ಒಂದೊಂದು ಕುಕ್ಕರು ಬಾಕಿ. ಈಗ ಸಿದ್ದಮಲ್ಲಪ್ಪ ತನ್ನದನ್ನು ದೇವಯ್ಯನ ಕುಕ್ಕರಿಗೆ ಅಡ್ಡವಾಗಿ ನಿಲ್ಲಿಸಿಬಿಟ್ಟರೆ ಸಾಕಿತ್ತು. ಕೋಮಲಳಿಗೆ ದಾರಿಯೇ ಇರುತ್ತಿರಲಿಲ್ಲ.

ಗೆಲುವಿನ ವಾಸನೆ ಮೂಗಿಗೆ ಬಡಿದಾಗ ಸಿದ್ದಮಲ್ಲಪ್ಪನೊಳಗಿನ ಕಬಡ್ಡಿ ನಾಯಕ ಎದ್ದು ಕೂತ. ಬರೀ ತಳ್ಳಿದರೆ ಸಾಲದು, ಟೀವಿಯ ಹುಡುಗಿಯರಂತೆ ಒಂದು ಕಾಲು ಹಿಂದೆ ಚಾಚಿ, ಎದೆ ನೆಲಕ್ಕೆ ತಾಗುವಂತೆ ಬಗ್ಗಿ, ಕುಕ್ಕರಿನ ಜೊತೆಗೇ ಜಾರಿಕೊಂಡು ಹೋಗಿ ಬಿಡಬೇಕು ಎನಿಸಿತು. ಪಂಚೆ ಎತ್ತಿ ಕಟ್ಟಿದ. ಜನರ ಕಡೆಗೊಮ್ಮೆ ನೋಡಿದ.

"ಬ್ಯಾಡಿ ಕಣ್ರೀ, ಸೊಂಟ ಹಿಡ್ಕತದೆ," ಎಂದಳು ಕೋಮಲ.

"ಎದುರಾಳಿ ಮಾತು ಕೇಳೋನಲ್ಲ ನಾನು," ಎಂದು ಹೇಳಿ ಜಾರಿದ.

ಅವನು ಜಾರಿದ, ನಿಜ. ಅವನಷ್ಟು ಸೊಗಸಾಗಿ ಆ ದಿನ ಯಾವ ಕುಕ್ಕರೂ ಜಾರಲಿಲ್ಲ. ಹಿಂದಿನ ಕಾಲು ಎಲ್ಲಿಗೋ ಹೋಯಿತು, ಮುಂದಿನ ಕಾಲು ಅದನ್ನು ಹುಡುಕಿಕೊಂಡು ಹೋಯಿತು. ಕುಕ್ಕರು ಕೈಬಿಟ್ಟು ಎಡಕ್ಕೆ ತಿರುಗಿ ಚರಂಡಿಯ ಕಡೆ ನಡೆಯಿತು. ಡೈರಿಯ ಕಾರ್ಯದರ್ಶಿ ಮಾತ್ರ ಹೊಟ್ಟೆಯ ಮೇಲೆ ನೆಟ್ಟಗೆ, ಸುಂಯ್ಯೆಂದು ಕಣದುದ್ದಕ್ಕೂ ಬಂದು ಕೆಂಪು ವೃತ್ತದೊಳಗೆ ಪ್ರವೇಶಿಸಿ, ನಡುಬೊಟ್ಟಿನ ಪಕ್ಕ ಗಲ್ಲ ಊರಿ ನಿಂತ. ದೇವಯ್ಯನ ಕುಕ್ಕರು ಅವನ ಭುಜದ ಪಕ್ಕದಲ್ಲಿ ಅಲುಗಾಡದೆ ಕೂತಿತ್ತು.

ದೇವಯ್ಯ ತಕ್ಷಣ ಕೈ ಎತ್ತಿದ. "ಅಂಪೈರಮ್ಮ, ನಮ್ಮಣ್ಣ ಬೊಟ್ಟಿನ ಹತ್ರ ಅವ್ನೆ. ಇದು ನಮ್ಗೇ ಪಾಯಿಂಟಲ್ವಾ?"

ಸಿದ್ದಲಿಂಗಮ್ಮ ಯೋಚಿಸಿದರು. "ನನ್ ಮಗ ಎಳೇದ್ರಿಂದ್ಲೂ ಕಲ್ಲೇ, ಒಪ್ತೀನಿ. ಆದ್ರೆ ಆಟದ ಕಲ್ಲಲ್ಲ. ಲೆಕ್ಕಕ್ಕಿಲ್ಲ. ಎದ್ದೇಳ್ಲಾ."

ಸಿದ್ದಮಲ್ಲಪ್ಪ ಏಳಲು ನೋಡಿದ. ಸೊಂಟದಲ್ಲಿ ಏನೋ ಕಟಕ್ಕೆಂದಿತು. "ಏಳಕಾಗಾಕಿಲ್ಲ ಅವ್ವಾ. ಹಿಡ್ಕತು."

"ಇರ್ಲಿ, ಅಲ್ಲೇ ಮಲ್ಗಿರಿ. ಅಲುಗಾಡ್ಬ್ಯಾಡಿ. ನಾನು ಆಡ್ತೀನಿ," ಎಂದಳು ಕೋಮಲ ಆ ತುದಿಯಿಂದ.

ಗಲ್ಲವನ್ನು ಸಿಮೆಂಟಿಗೆ ಊರಿಕೊಂಡು ಮಲಗಿದ್ದ ಸಿದ್ದಮಲ್ಲಪ್ಪನಿಗೆ ಕಣ ಬಹಳ ಉದ್ದವಾಗಿ ಕಂಡಿತು. ಆ ತುದಿಯಲ್ಲಿ ಹೆಂಡತಿ ಮಂಡಿಯೂರಿ ಕೂತಿದ್ದಳು. ಒಂದು ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತಿದ್ದಳು. ಅಲ್ಲ, ಅವನ ಮೂಗಿನ ಮುಂದಿದ್ದ ಬೊಟ್ಟನ್ನು. ಹಿಡಿ ಬಿಟ್ಟಳು. ತಿಕ್ಕಿ ತಿಕ್ಕಿ ಸವೆದ ಆ ಹಳೆಯ ಕುಕ್ಕರು ಅವನ ಮುಖದ ಕಡೆಗೇ ಹೊರಟಿತು. ಮುಂದೆ ಮಹದೇವಮ್ಮನ ಪೊರಕೆ, ಅರ್ಧ ದಾರಿಯಲ್ಲಿ ಕೋಮಲಳೂ ಎದ್ದು ಓಡಿಬಂದು ಇನ್ನೊಂದು ಪೊರಕೆ ಹಿಡಿದು ಬಗ್ಗಿದಳು. ಸೊಂಟದಿಂದ ಬಗ್ಗಿ, ತೋಳಿನಿಂದ ಎಳೆದು, ಹಲ್ಲು ಕಚ್ಚಿಕೊಂಡು. ಅವಳ ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು, ಕಣ್ಣು ಬೆಳಗುತ್ತಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮುಖವನ್ನು ತಾನು ನೋಡೇ ಇಲ್ಲವಲ್ಲ ಎಂದು ಸಿದ್ದಮಲ್ಲಪ್ಪನಿಗೆ ಅನಿಸಿತು. ಅನಿಸಿದ ಕ್ಷಣವೇ ಬಾಯಿಗೆ ಸೋಪಿನ ನೊರೆ ಹೋಯಿತು.

"ಹರಿಹರ! ಹರಿಹರ!" ಈಗ ಅಂಪೈರ್ ಒಬ್ಬರೇ ಅಲ್ಲ, ಕಣದ ಸುತ್ತಲಿನ ಹೆಂಗಸರೆಲ್ಲ ಕೂಗುತ್ತಿದ್ದರು.

ಕುಕ್ಕರು ನಿಧಾನವಾಯಿತು. ದೇವಯ್ಯನದನ್ನು ಮೆತ್ತಗೆ ಮುಟ್ಟಿ ಆಚೆ ಸರಿಸಿತು. ಇನ್ನೆರಡು ಅಂಗುಲ ತೆವಳಿ, ನಡುಬೊಟ್ಟಿನ ಮೇಲೆ, ಸಿದ್ದಮಲ್ಲಪ್ಪನ ಮೂಗಿನಿಂದ ನಾಲ್ಕು ಬೆರಳಿನ ಅಂತರದಲ್ಲಿ ನಿಂತಿತು. ಅದರ ಹೊಟ್ಟೆಯ ಮೇಲೆ ಅವನ ಮುಖವೇ ಅಗಲವಾಗಿ ಕಾಣುತ್ತಿತ್ತು.

ಕಣದಲ್ಲಿ ಎದ್ದ ಗಲಾಟೆ ನಾಲೆಯಾಚೆಗೂ ಕೇಳಿಸಿತಂತೆ. ಹೆಂಗಸರು ಕೋಮಲಳನ್ನು ಎತ್ತಿಯೇಬಿಟ್ಟರು. ಅವಳು "ಬುಡ್ರೇ, ಬೀಳ್ತೀನಿ ಬುಡ್ರೇ," ಎನ್ನುತ್ತಾ ನಗುತ್ತಿದ್ದಳು. ಸಿದ್ದಮಲ್ಲಪ್ಪನನ್ನು ಎತ್ತಲು ನಾಲ್ಕು ಜನ ಬೇಕಾಯಿತು.

ಮಧ್ಯಾಹ್ನ ಮೂರೂವರೆಗೆ ಗಂಡಸರೆಲ್ಲ ಕ್ರಿಕೆಟ್ ನೋಡಲು ದೇವಯ್ಯನ ಮನೆಯ ಚಿಕ್ಕ ಟೀವಿಯ ಮುಂದೆ ಕೂತರು. ಗೋಡೆಗೆ ಗೋಡೆ ಅಂಟಿದ ಮನೆ, ಹತ್ತು ಹೆಜ್ಜೆಯೂ ಇಲ್ಲ. ಆದರೆ ಸಿದ್ದಮಲ್ಲಪ್ಪನಿಗೆ ಆ ಹತ್ತು ಹೆಜ್ಜೆ ಇಡುವ ಸ್ಥಿತಿ ಇರಲಿಲ್ಲ. ಸೊಂಟಕ್ಕೆ ಬಿಸಿ ಮರಳಿನ ಗಂಟು ಕಟ್ಟಿಸಿಕೊಂಡು ನಡುಮನೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಾನು ಆ ಆಟ ನೋಡುತ್ತಿಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ ಎಂದು ಎರಡು ಸಲ ಗೊರಕೆಯನ್ನೂ ಹೊಡೆದ.

ಐದು ಗಂಟೆಯ ಹೊತ್ತಿಗೆ ಗೋಡೆ ನೋಡಿ ಬೇಸರವಾಗಿ ಅಂಗಾತ ಮಲಗಿದ. ಐದೂವರೆಗೆ ದಿಂಬು ಎತ್ತರ ಮಾಡಿಕೊಂಡ. ಆರೂವರೆಗೆ, "ಆ ನೀಲಿಯೋಳು ಕಲ್ಲು ಅಡ್ಡ ಇಟ್ಬುಟ್ಟವ್ಳಲ್ಲೇ! ಈಗೆಂಗೆ?" ಎಂದ. ಯಾರೂ ಅವನ ಕಡೆ ತಿರುಗಲಿಲ್ಲ. ತಿರುಗುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಎರಡೂ ಕಡೆ ಸಮಸಮ, ಕೆಂಪು ಅಂಗಿಯ ಜಡೆಯವಳ ಕೈಯಲ್ಲಿ ಕೊನೆಯ ಕಲ್ಲು.

ಅವಳು ಬಿಟ್ಟಳು. ಹುಡುಗಿಯರಿಬ್ಬರೂ ಬಗ್ಗಿದರು. ಕಲ್ಲು ಅರ್ಧದಲ್ಲೇ ಸೋಲುವ ಹಾಗೆ ಕಂಡಿತು. ಸಿದ್ದಮಲ್ಲಪ್ಪ ಮಂಚದ ಮೇಲೆ ಎದ್ದು ಕೂತ. ಎದ್ದು ಕೂತದ್ದು ಅವನಿಗೇ ತಿಳಿಯಲಿಲ್ಲ.

"ಗುಡಿಸ್ರವ್ವಾ! ಸೊಂಟದಿಂದ! ಮಣಿಕಟ್ಟಲ್ಲಲ್ಲ, ಸೊಂಟದಿಂದ! ಹರಿಹರ! ಹರಿಹರ!"

ಕಲ್ಲು ತೆವಳಿತು, ಅಡ್ಡಗಲ್ಲನ್ನು ಕೂದಲೆಳೆಯಲ್ಲಿ ದಾಟಿತು, ಬೊಟ್ಟಿನ ಮೇಲೆ ಬಂದು ನಿಂತಿತು. ಜಡೆಯ ಹುಡುಗಿ ಮೊಣಕಾಲ ಮೇಲೆ ಕುಸಿದು ಮುಖ ಮುಚ್ಚಿಕೊಂಡಳು. ಮಹದೇವಮ್ಮ ಲಿಖಿತಾಳನ್ನು ತಬ್ಬಿದಳು, ಕೋಮಲ ಅತ್ತೆಯ ಕೈ ಹಿಡಿದುಕೊಂಡು ಕುಣಿದಳು, ಸಿದ್ದಲಿಂಗಮ್ಮ ಟೀವಿಯ ಕಡೆಗೇ ಎರಡೂ ಕೈ ಚಾಚಿ ಆ ಹುಡುಗಿಯ ದೃಷ್ಟಿ ನಿವಾಳಿಸಿದರು. ಅದೇ ಹೊತ್ತಿಗೆ ಸಿದ್ದಮಲ್ಲಪ್ಪನ ಫೋನು ಹೊಡೆದುಕೊಂಡಿತು.

"ಅಣ್ಣಾ! ಗೆದ್ದೋ ಅಣ್ಣಾ!" ದೇವಯ್ಯ ಕಿರುಚುತ್ತಿದ್ದ.

"ಗೆದ್ದೋ ಕಣ್ಲಾ ದೇವಯ್ಯ! ಗೆದ್ದೇಬುಟ್ಟೋ!"

"ಕೊನೇಲಿ ಜೀವ ಬಾಯಿಗ್ ಬಂದಿತ್ತಲ್ಲಣ್ಣ!"

"ಬರ್ದೆ ಇನ್ನೇನ್ಲಾ? ಒಂದ್ ಕೂದ್ಲು ಅತ್ತ ಆಗಿದ್ರೆ ಹೋಗಿತ್ತು! ಆದ್ರೆ ಆ ಹೆಣ್ಮಕ್ಕಳು ಗುಡಿಸಿದ್ರು ನೋಡು, ಅದ್ ಗುಡ್ಸೋದು ಅಂದ್ರೆ! ಏನ್ ತೋಳು, ಏನ್ ಸೊಂಟ! ನನ್ ಜನ್ಮದಲ್ಲಿ ಇಂಥಾ ಆಟ ನೋಡಿರ್ನಿಲ್ಲ ಕಣ್ಲಾ. ಕಬಡ್ಡಿ ಇದ್ರ ಮುಂದೆ ಏನೂ ಅಲ್ಲ!"

ಫೋನಿನಲ್ಲಿ ಕ್ರಿಕೆಟ್ಟಿನ ಕಾಮೆಂಟರಿ ಮಾತ್ರ ಕೇಳಿಸಿತು.

"ದೇವಯ್ಯ? ಲೇ, ಇದ್ದೀಯಾ?"

"ಇದ್ದೀನಿ ಅಣ್ಣ," ಎಂದ ದೇವಯ್ಯ, ಬಹಳ ಮೆತ್ತಗೆ. "ಫೋನು ಸ್ಪೀಕರಿನಲ್ಲಿ ಇಟ್ಟಿದ್ದೆ. ಡೈರಿಯೋರು ಎಲ್ಲ ಇಲ್ಲೇ ಅವ್ರೆ."

ಆಮೇಲೆ ಬಂದ ನಗು ಫೋನಿನಲ್ಲಿ ಮೊದಲು ಕೇಳಿಸಿತೋ, ಗೋಡೆಯಾಚೆಯಿಂದ ಮೊದಲು ಕೇಳಿಸಿತೋ ಹೇಳುವುದು ಕಷ್ಟ. ಸಿದ್ದಮಲ್ಲಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದು, ಅದನ್ನು ಆರಿಸುವುದು ಹೇಗೆಂದು ಮರೆತವನ ಹಾಗೆ ಕೂತಿದ್ದ. ಕೋಮಲ ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

"ದೇವಯ್ಯಣ್ಣ, ಕ್ರಿಕೆಟ್ಟಲ್ಲೂ ಗೆದ್ರಂತಲ್ಲ, ಸಂತೋಷ," ಎಂದಳು. "ಈಗ ಇಡ್ತೀನಿ. ನಮ್ ಹುಡ್ಗೀರ್ಗೆ ಪದಕ ಹಾಕ್ತಾವ್ರೆ."

ಫೋನಿಟ್ಟು, ಮಂಚದ ಮೇಲೆ ಗಂಡನ ಪಕ್ಕದಲ್ಲೇ ಕೂರಲು ಜಾಗ ನೋಡಿದಳು. ಸಿದ್ದಮಲ್ಲಪ್ಪ ಸೊಂಟ ಹಿಡಿದುಕೊಂಡು, ಇದ್ದುದರಲ್ಲಿ ಆದಷ್ಟು ಗೋಡೆಯ ಕಡೆಗೆ ಸರಿದ.